‘ಪುಟ್ಟಿ ಬಾ’ ಎಂದು ಬರೆದವಳು

ಪುಟ್ಟಿ, ಆ ದಿನ ಬೆಳಿಗ್ಗೆ ನಿನ್ನನ್ನು ಕರೆದದ್ದು ನಿಮ್ಮಪ್ಪ ಅಲ್ಲ. ನಾನು. ಫೋನು ಅವರದು, ಮುಖ ಅವರದು, ಬರೆದ ಬೆರಳು ನನ್ನದು. ನೀನು ಆ ಮೆಸೇಜು ಓದುವ ಹೊತ್ತಿಗೆ ಅವರು ಇರಲಿಲ್ಲ.

ಒಂದೇ ಉಸಿರಿಗೆ ಬರೆದುಬಿಟ್ಟೆ. ನಿಧಾನವಾಗಿ, ಸುತ್ತಿ ಬಳಸಿ ಹೇಳಲು ಹೊರಟರೆ ಮತ್ತೆ ಸುಳ್ಳಿನ ಹತ್ತಿರವೇ ಬಂದು ನಿಲ್ಲುತ್ತೇನೆ — ಮೂರು ವರ್ಷದಿಂದ ಹಾಗೇ ಆಗಿದೆ.

ಕಳೆದ ವಾರ ನೀನು ಫೋನು ಮಾಡಿ, ಭಾನುವಾರ ಭದ್ರಾವತಿಗೆ ಬರುತ್ತೇನೆ, ಅಪ್ಪನ ಫೋನು ತೆಗೆದುಕೊಂಡು ಹೋಗುತ್ತೇನೆ ಎಂದೆ. ಬೀಗದ ನಂಬರು ನೀನೇ ಹಾಕಿಕೊಟ್ಟದ್ದು, ನಿನಗೆ ನೆನಪಿದೆ. “ಅಪ್ಪ ಕೊನೇಲಿ ಮುಟ್ಟಿದ್ದು ಅದನ್ನೇ ಅಲ್ವಾಮ್ಮ” ಎಂದೆ. ನಾನು ಹೂಂ ಎಂದೆ. ಪುಟ್ಟಿ, ಧಾರಾಳವಾಗಿ ತೆರೆದು ನೋಡು. ನನ್ನನ್ನು ಹಿಡಿದುಕೊಡುವಂಥದ್ದು ಅದರಲ್ಲಿ ಏನೂ ಸಿಗುವುದಿಲ್ಲ. ನಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಸಿಕ್ಕಿಬೀಳುವ ಹೆದರಿಕೆಯಿಂದ ಅಲ್ಲ.

ಆ ಫೋನು ಮನೆಗೆ ಬಂದ ಸಂಜೆ ನಿನಗೆ ಮರೆತಿರಲಾರದು. ನೀನು ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಬೆರಳಿನ ಬೀಗವೇ ಭದ್ರ ಎಂದು ಅಪ್ಪನ ಹೆಬ್ಬೆರಳು ಹಿಡಿದು ಒತ್ತಿಸಿದೆ, ಒರೆಸಿ ಒತ್ತಿಸಿದೆ, ಎಣ್ಣೆ ಹಚ್ಚಿ ಒತ್ತಿಸಿದೆ. ಹತ್ತಲಿಲ್ಲ. ಮೂವತ್ತು ವರ್ಷ ಫೌಂಡ್ರಿಯಲ್ಲಿ ಅಚ್ಚಿನ ಮರಳು ತಟ್ಟಿದ ಕೈ; ಗೆರೆ ಎಲ್ಲಿ ಉಳಿದಿರುತ್ತದೆ? ರೇಷನ್ ಅಂಗಡಿಯ ಯಂತ್ರವೂ ಅವರ ಬೆರಳನ್ನು ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳೂ ನಾನೇ ಹೋಗಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತರುತ್ತಿದ್ದೆ.

“ಅಪ್ಪಾ, ನೀನು ಕಳ್ಳತನ ಮಾಡಿದ್ರೆ ಪೊಲೀಸ್ರಿಗೆ ಗುರುತೇ ಸಿಗಲ್ಲ” ಎಂದೆ ನೀನು.

“ಮೊದಲೇ ಹೇಳ್ಬಾರ್ದಿತ್ತಾ? ಸುಮ್ನೆ ಫೌಂಡ್ರಿಗೆ ಹೋದೆ” ಎಂದರು ಅವರು.

ಕೊನೆಗೆ ಮುಖದ ಬೀಗವೇ ಆಗಲಿ ಎಂದಾಯಿತು. ಕನ್ನಡಕ ಹಾಕಿಕೊಂಡೇ, ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತು ಮುಖ ಕೊಟ್ಟರು. ಆದರೆ ಅವರ ಎಡಗಣ್ಣಿನ ರೆಪ್ಪೆ — ಎಂದೋ ಕಬ್ಬಿಣದ ಕಿಡಿ ಹಾರಿದ್ದು — ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತಲ್ಲ. ಕಣ್ಣು ತೆರೆಯಿರಿ, ಕಣ್ಣು ತೆರೆಯಿರಿ ಎಂದು ಫೋನು ಹಟ ಹಿಡಿಯಿತು. ಕಣ್ಣು ತೆರೆದಿರಲೇಬೇಕು ಎನ್ನುವ ಸೆಟ್ಟಿಂಗ್ ಒಂದಿದೆ ಎಂದು ನೀನು ಹುಡುಕಿ ಅದನ್ನು ತೆಗೆದುಹಾಕಿದೆ. ಆಮೇಲೆ ಎಚ್ಚರಿಕೆಯನ್ನೂ ಕೊಟ್ಟೆ: “ಇನ್ಮೇಲೆ ನೀನು ನಿದ್ದೆ ಮಾಡ್ತಿದ್ರೂ ಯಾರಾದ್ರೂ ಮುಖಕ್ಕೆ ಹಿಡಿದ್ರೆ ಓಪನ್ ಆಗುತ್ತೆ. ಹುಷಾರಪ್ಪ.”

“ಯಾರು ಹಿಡೀತಾರೆ? ನಿಮ್ಮಮ್ಮನಾ? ಅವಳಿಗೆ ಈ ಮುಖ ನೋಡಿ ನೋಡಿ ಸಾಕಾಗಿದೆ.”

ಮೂವರೂ ನಕ್ಕೆವು. ಎಲ್ಲರಿಗಿಂತ ಹೆಚ್ಚು ನಾನೇ ನಕ್ಕೆ.

ಅದಾದ ಎಂಟು ತಿಂಗಳಿಗೆ ನೀನು ಸೆಲ್ವಂನನ್ನು ರಿಜಿಸ್ಟರ್ ಮದುವೆಯಾದೆ. ಅವನು ಯಾರೋ ಗುರುತಿಲ್ಲದ ಹುಡುಗನಲ್ಲ. ಅವನ ಅಪ್ಪ ಮುರುಗೇಶಣ್ಣ ನಿಮ್ಮಪ್ಪನ ಪಕ್ಕದಲ್ಲೇ ನಿಂತು ಇಪ್ಪತ್ತು ವರ್ಷ ಅಚ್ಚು ಕಟ್ಟಿದವರು. ಆ ತಮಿಳರ ಮನೆಯ ಪುಳಿಯೋಗರೆ ನಮಗೆ ಆಗುತ್ತಿತ್ತು, ಹುಡುಗ ಆಗಲಿಲ್ಲ. ನೀವಿಬ್ಬರೂ ಹಾರ ಹಾಕಿಕೊಂಡು ಬಂದು ಗೇಟಿನ ಹೊರಗೆ ನಿಂತಾಗ ನಿಮ್ಮಪ್ಪ ಹೇಳಿದ ಮಾತನ್ನು ಬೀದಿಯೆಲ್ಲ ಕೇಳಿಸಿಕೊಂಡಿತು.

“ನಾನು ಸತ್ತರೂ ನನ್ನ ಮುಖ ನೋಡೋಕೆ ಬರಬೇಡ.”

ನೀನೂ ಅವರ ಮಗಳೇ. “ನೀನಾಗಿ ಕರೆಯೋ ತನಕ ಬರಲ್ಲ. ಬೇರೆ ಯಾರು ಕರೆದ್ರೂ ಬರಲ್ಲ.”

ನಾನು ಬಾಗಿಲ ಹಿಂದೆ ನಿಂತಿದ್ದೆ. ನೀನು ಒಂದು ಸಲ ಒಳಗೆ ನನ್ನ ಕಡೆ ನೋಡಿದೆ. ನಾನು — ಏನಾದರೂ ಹೇಳಬಹುದಿತ್ತು. ಹೆಸರು ಹಿಡಿದು ಕೂಗಿದ್ದರೂ ಸಾಕಿತ್ತು. ಕೂಗಲಿಲ್ಲ. ಆಮೇಲೆಯೂ ಫೋನು ಮಾಡಲಿಲ್ಲ. ಎರಡು ವರ್ಷ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಬಳಿದು, ರುಮಾಲು ಸುತ್ತಿ, ಬಂದವರಿಗೆಲ್ಲ ಮುಖ ಕಾಣುವ ಹಾಗೆ. ಜಗಳವಾಡಿ ಮಾತು ಬಿಟ್ಟವರೂ ಬಂದು ಆ ಮುಖ ನೋಡಿ ಕೈಮುಗಿದು ಹೋಗುತ್ತಾರೆ. ಆ ಮುಖವನ್ನೇ ನೋಡಬೇಡ ಎಂದರೆ ಅದಕ್ಕಿಂತ ಆಚೆಗೆ ಹೇಳಲು ಏನೂ ಉಳಿಯುವುದಿಲ್ಲ. ನಿಮ್ಮ ದೊಡ್ಡಪ್ಪ ರುದ್ರಣ್ಣನವರು ಆ ಮಾತನ್ನು ಭದ್ರವಾಗಿ ಇಟ್ಟುಕೊಂಡಿದ್ದರು. ಎಲ್ಲಿ ನಿನ್ನ ಹೆಸರು ಬಂದರೂ, ನನ್ನ ತಮ್ಮನ ಮಾತು ನಡೆಸಿಕೊಡುವುದು ನನ್ನ ಕೆಲಸ ಎನ್ನುತ್ತಿದ್ದರು. ಪಕ್ಕದ ಬೀದಿಯಲ್ಲೇ ಮನೆ. ನಾನು ಒಂದು ಸಲ ಕೂಗಿದರೆ ಮೊದಲು ಓಡಿ ಬರುವವರು ಅವರೇ ಎಂದು ನನಗೆ ಗೊತ್ತಿತ್ತು. ಬಂದ ಮೇಲೆ ನಡೆಯುವುದು ಅವರ ಮಾತೇ, ನಿನಗೆ ಸುದ್ದಿ ಮುಟ್ಟುವ ಮೊದಲೇ ಮಣ್ಣಾಗಿಬಿಡುತ್ತದೆ ಎಂದೂ ಗೊತ್ತಿತ್ತು. ಈ ಲೆಕ್ಕಾಚಾರ ಆ ದಿನದ್ದಲ್ಲ. ಎರಡು ವರ್ಷ ಅನ್ನ ಬಸಿಯುವಾಗ, ಬಟ್ಟೆ ಒಣಗಿಸುವಾಗ ಇದನ್ನೇ ಯೋಚಿಸಿದ್ದೆ — ಗಂಡ ಗಟ್ಟಿಮುಟ್ಟಾಗಿ ಎದುರಿಗೆ ಓಡಾಡಿಕೊಂಡಿರುವಾಗಲೇ.

ಆ ಬೆಳಿಗ್ಗೆ ಆರಕ್ಕೆ ಕಾಫಿ ಕೊಟ್ಟೆ. ಹಜಾರದ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದರು. ನಾನು ಸ್ನಾನಕ್ಕೆ ಹೋದೆ. ಬಟ್ಟೆಯನ್ನೂ ಒಗೆದು ಹಾಕಿ ಬಂದೆ. ತಲೆ ಒಂದು ಕಡೆಗೆ ವಾಲಿತ್ತು. ಕಣ್ಣು ಮುಚ್ಚಿತ್ತು. ಕನ್ನಡಕ ಮಡಿಲಲ್ಲಿ, ಫೋನು ನೆಲದ ಮೇಲೆ. ಕರೆದೆ, ಅಲುಗಿಸಿದೆ, ಎದೆ ತಿಕ್ಕಿದೆ, ಮೂಗಿನ ಹತ್ತಿರ ಕೈ ಹಿಡಿದೆ. ಕೈ ಆಗಲೇ ತಣ್ಣಗಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಹೆಂಗಸಾದವಳು ಕೂಗಬೇಕು. ನಾನು ಹೋಗಿ ಬಾಗಿಲಿಗೆ ಚಿಲಕ ಹಾಕಿದೆ.

ಆ ಚಿಲಕದ ಬಗ್ಗೆ ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೆ! ಆಮೇಲೆ ಬಂದ ಡಾಕ್ಟರು, ಕೂತಲ್ಲೇ ಹೋಗಿದೆ, ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದರು. ಆದರೆ ಚಿಲಕ ಹಾಕುವಾಗ ಡಾಕ್ಟರು ಇನ್ನೂ ಬಂದಿರಲಿಲ್ಲ. ಹೋಗಿದ್ದಾರೆಂದು ನನಗೆ ಗೊತ್ತಿತ್ತು — ಗೊತ್ತಿತ್ತು ಎಂದೇ ಅಂದುಕೊಂಡಿದ್ದೇನೆ. ಇದನ್ನು ನಿನ್ನ ಮುಂದೆ ಇಟ್ಟಿದ್ದೇನೆ, ಅಷ್ಟೆ.

ಫೋನು ಎತ್ತಿಕೊಂಡೆ. ಗಾಬರಿಯಲ್ಲಿ ಮೊದಲು ಅವರ ಹೆಬ್ಬೆರಳನ್ನೇ ತಂದು ಒತ್ತಿದೆ. ಬದುಕಿದ್ದಾಗಲೇ ಹತ್ತದ ಬೆರಳು! ರೇಷನ್ ಅಂಗಡಿಯ ಅಭ್ಯಾಸ ಕೈಗೆ ಬಂದುಬಿಟ್ಟಿತ್ತು. ಆಮೇಲೆ ಗದ್ದ ಎತ್ತಿ ಹಿಡಿದು ಮುಖಕ್ಕೆ ತೋರಿಸಿದೆ. ಇಲ್ಲ ಎಂದಿತು. ಬೆಳಕು ಸಾಲದೇನೋ ಎಂದು ದೀಪ ಹಾಕಿದೆ. ಮತ್ತೆ ಇಲ್ಲ. ಮೂರನೆಯ ಸಲವೂ ಇಲ್ಲ. ಇನ್ನೆರಡು ಸಲ ತಪ್ಪಿದರೆ ನಂಬರು ಕೇಳುತ್ತದೆ. ನಂಬರು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವಳು ನೀನು. ಆಗ ಕನ್ನಡಕ ಕಣ್ಣಿಗೆ ಬಿತ್ತು. ಸೆರಗಿನಲ್ಲಿ ಒರೆಸಿ ಹಾಕಿದೆ, ಎರಡೂ ಕಿವಿಯ ಹಿಂದೆ ಸರಿಯಾಗಿ ಸಿಕ್ಕಿಸಿದೆ. ಪ್ರತಿದಿನ ಕೆಲಸಕ್ಕೆ ಹೋಗುವ ಗಂಡನಿಗೆ ಮಾಡುವ ಉಪಚಾರದ ಹಾಗೆ. ಫೋನು ಹಿಡಿದೆ.

ತೆರೆದುಕೊಂಡಿತು.

ಸತ್ತರೂ ನೋಡಬೇಡ ಎಂದಿದ್ದ ಮುಖ ಅದು. ಅದನ್ನೇ ಹಿಡಿದು ನಿನಗೆ ಬಾಗಿಲು ತೆರೆದೆ.

ನಿನ್ನ ಹೆಸರು ಹುಡುಕಿದೆ. ಏನಾದರೂ ಇರಬಹುದೆಂದು ನೋಡಿದೆ, ಪುಟ್ಟಿ. ಅರ್ಧ ಬರೆದು ಬಿಟ್ಟ ಒಂದು ಪದ, ನಿನಗೆ ಕಳಿಸಲು ಮನಸ್ಸಾಗದೆ ಇಟ್ಟುಕೊಂಡ ಏನೋ ಒಂದು… ಇರಲಿಲ್ಲ. ಎರಡು ವರ್ಷದ ಹಿಂದಿನದು, ಚಾರ್ಜರ್ ಎಲ್ಲಿಟ್ಟೆ ಎಂದು ಕೇಳಿದ್ದು, ಅದೇ ಕೊನೆ. ನೀನು ಭಾನುವಾರ ಹುಡುಕಿದರೂ ಅದೇ ಸಿಗುವುದು. ಇದನ್ನು ಬರೆಯುವುದು ನನಗೆ ಎಲ್ಲದಕ್ಕಿಂತ ಕಷ್ಟವಾಗಿದೆ. ಆದರೂ ಬರೆದೆ.

ಅದರ ಕೆಳಗೆ, ಅವರು ಬರೆಯುತ್ತಿದ್ದ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ, ಚುಕ್ಕಿಯಿಲ್ಲದೆ, ಪುಟ್ಟಿ ಬಾ ಎಂದು ಒತ್ತಿದೆ. ಬೀಗ ತೆಗೆಯಲು ಯಾರ ಮುಖ ಎಂದು ಕೇಳಿದ ಫೋನು, ಬರೆಯುವಾಗ ಯಾರ ಬೆರಳು ಎಂದು ಕೇಳಲಿಲ್ಲ.

ತಕ್ಷಣ ನಿನ್ನ ಕರೆ ಬಂತು. ನನ್ನ ಕೈಯಲ್ಲೇ ಬಡಿದುಕೊಂಡಿತು. ಎತ್ತಲಿಲ್ಲ. ನೀನು ಮೂರು ಸಲ ಮಾಡಿದೆ, ಮೂರು ಸಲವೂ ನಾನು ಎತ್ತಲಿಲ್ಲ. ಆಮೇಲೆ ನಿನ್ನ ಮೆಸೇಜು ಬಂತು, ಅಪ್ಪಾ ಬರ್ತಿದ್ದೀನಿ ಎಂದು. ಅದನ್ನು ಓದಿ, ಕನ್ನಡಕ ತೆಗೆದು, ಫೋನು ಅವರ ಮಡಿಲಲ್ಲಿಟ್ಟು, ಚಿಲಕ ತೆಗೆದೆ. ಆಗ ಕೂಗಿದೆ. ಆ ಕೂಗು ಮಾತ್ರ ಸುಳ್ಳಲ್ಲ.

ನೀನು ಸೆಲ್ವಂ ಬೈಕಿನಲ್ಲಿ ಬಂದು ಇಳಿದಾಗ ಕೈಯಲ್ಲಿ ಬೇಕರಿಯ ಪೊಟ್ಟಣವಿತ್ತು. ಅವರಿಗೆ ಇಷ್ಟದ ಬೆಣ್ಣೆ ಬಿಸ್ಕತ್ತು. ಅಂಗಡಿ ಬಾಗಿಲು ತೆಗೆಯುವವರೆಗೆ ಕಾದು ತಂದಿದ್ದೆಯಂತೆ. ನಮ್ಮ ಬೀದಿಯ ತಿರುವಿನವರೆಗೂ ನಿನಗೆ ಗೊತ್ತಿರಲಿಲ್ಲ. ಅಲ್ಲಿ ನಿಂತಿದ್ದ ಜನ ನೋಡಿ ಗೊತ್ತಾಯಿತು. ದೊಡ್ಡಪ್ಪ ಗೇಟಿಗೆ ಅಡ್ಡ ನಿಂತು, ಯಾಕೆ ಬಂದೆ, ಅವನ ಮಾತು ಮರೆತೆಯಾ ಎಂದರು.

“ಅಪ್ಪನೇ ಕರೆದಿದ್ದು. ನೋಡಿ ದೊಡ್ಡಪ್ಪ.”

ನೀನು ಫೋನು ಚಾಚಿದೆ. ಅವರು ಕಣ್ಣಿನ ಹತ್ತಿರ ಹಿಡಿದು ಓದಿದರು. ಮತ್ತೆ ಓದಿದರು. ಗೇಟು ಬಿಟ್ಟು ಪಕ್ಕಕ್ಕೆ ಸರಿದು ಗೋಡೆ ಹಿಡಿದು ಅತ್ತರು. ಕೊನೆಗಾಲದಲ್ಲಿ ಮಗಳನ್ನು ಕರೆದೇ ಹೋದ, ನನ್ನ ತಮ್ಮನದು ದೊಡ್ಡ ಮನಸ್ಸು ಎಂದು ಈಗಲೂ ಕಂಡವರಿಗೆಲ್ಲ ಹೇಳುತ್ತಾರೆ. ಆ ದಿನ ಮುರುಗೇಶಣ್ಣನೂ ಒಳಗೆ ಬಂದರು. ಕೂರಿಸಿದ್ದ ಗೆಳೆಯನ ಸವೆದ ಬೆರಳುಗಳನ್ನು ತಮ್ಮ ಸವೆದ ಬೆರಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತರು. ನೀನು ಮುಖ ನೋಡಿದೆ. ಕೆನ್ನೆ ಮುಟ್ಟಿದೆ.

ಈಗ ನಿನ್ನ ಮನೆಯಲ್ಲಿ ಅವರ ಫೋಟೋ ಕೆಳಗೆ ಆ ಎರಡು ಪದವನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೀಯ. ಅಪ್ಪ ನನ್ನನ್ನು ಕ್ಷಮಿಸಿದರು ಎಂದು ಹೇಳುತ್ತೀಯ. ನಾನು ಬಂದಾಗಲೆಲ್ಲ ಅದರ ಎದುರಿಗೆ ಕೂತೇ ಕಾಫಿ ಕುಡಿಯುತ್ತೇನೆ.

ಅವರು ಕ್ಷಮಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನೊಂದು ವರ್ಷ ಇದ್ದಿದ್ದರೆ ತಾವಾಗಿಯೇ ಕರೆಯುತ್ತಿದ್ದರು ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ. ಹೇಳುವುದಿಲ್ಲ. ಅವರ ಹೆಸರಲ್ಲಿ ಒಂದು ಸಲ ಮಾತಾಡಿದ್ದು ಸಾಕು.

ಆದರೆ ಮಾಡಿದ್ದಕ್ಕೆ ತಲೆ ತಗ್ಗಿಸಲಾರೆ. ಎಷ್ಟೋ ವರ್ಷ ರೇಷನ್ ಅಂಗಡಿಯಲ್ಲಿ ಅವರ ಬದಲು ನಾನು ಬೆರಳು ಕೊಟ್ಟೆ. ಒಂದು ದಿನ ನನ್ನ ಬದಲು ಅವರು ಮುಖ ಕೊಟ್ಟರು. ಹೆಣದ ಮುಖಕ್ಕೆ ಫೋನು ಹಿಡಿದ ಹೆಂಗಸು ಎಂದು ನಾಳೆ ಬೀದಿ ಮಾತಾಡಿದರೆ ಮಾತಾಡಲಿ. ಗಂಡ ಸಿಟ್ಟಿನಲ್ಲಿ ಆಡಿದ ಒಂದು ಮಾತಿಗೆ ಮಗಳನ್ನು ಗೇಟಿನ ಹೊರಗೆ ನಿಲ್ಲಿಸಿ ಮಣ್ಣು ಮಾಡಿದ್ದರೆ ಅದೇ ಬೀದಿ ನನ್ನನ್ನು ಒಳ್ಳೆಯ ಹೆಂಡತಿ ಎನ್ನುತ್ತಿತ್ತು. ಆ ಹೆಸರು ನನಗೆ ಬೇಡ. ಆ ಬೆಳಿಗ್ಗೆ ಮತ್ತೆ ಬಂದರೆ ಮತ್ತೆ ಕನ್ನಡಕ ಒರೆಸುತ್ತೇನೆ.

ನನ್ನನ್ನು ಚುಚ್ಚುವುದು ಬೇರೆ. ಶಿವಮೊಗ್ಗದಿಂದ ನಮ್ಮ ಬೀದಿಯ ತಿರುವಿನವರೆಗೆ ನೀನು ಅಪ್ಪ ಬದುಕಿದ್ದಾರೆಂದೇ ಬಂದೆ. ಆ ದಾರಿ. ಆ ಬಿಸ್ಕತ್ತಿನ ಪೊಟ್ಟಣ. ಅದನ್ನು ನಿನಗೆ ಮಾಡಿದವಳು ನಾನು. ಇನ್ನೊಂದು — ಕರೆಯಬೇಕೆಂದು ಆಸೆಪಟ್ಟವಳು ನಾನೇ ಆಗಿದ್ದೆ, ಎರಡು ವರ್ಷ ದಿನಾ ಆಸೆಪಟ್ಟಿದ್ದೆ. ಅದನ್ನು ನನ್ನ ಬಾಯಿಂದ ಹೇಳಲು ಅವರು ಸಾಯುವವರೆಗೆ ಕಾದೆ, ಸತ್ತ ಮೇಲೂ ಅವರ ಮರೆಯಲ್ಲೇ ನಿಂತು ಹೇಳಿದೆ.

ಫೋನು ಬೀರುವಿನಲ್ಲಿದೆ. ಚಾರ್ಜು ಮಾಡಿ ಇಟ್ಟಿದ್ದೇನೆ, ಕನ್ನಡಕವನ್ನೂ ಜೊತೆಗಿಟ್ಟಿದ್ದೇನೆ. ಲ್ಯಾಮಿನೇಷನ್ ಮಾಡಿಸಿದ್ದನ್ನು ಇಟ್ಟುಕೊಳ್ಳುವುದೋ ತೆಗೆಯುವುದೋ ನಿನಗೆ ಬಿಟ್ಟದ್ದು. ದೊಡ್ಡಪ್ಪನಿಗೆ ಶನಿವಾರ ನಾನೇ ಹೋಗಿ ಹೇಳುತ್ತೇನೆ.

ಇದನ್ನು ಓದಿದ ಮೇಲೆ ನೀನು ಬರಲೇಬೇಕೆಂದಿಲ್ಲ. ಆದರೆ ಈ ಸಲ ಕರೆಯುತ್ತಿರುವುದು ನಾನು. ಭಾನುವಾರ ಬಾ. ಗೇಟಿನ ಹತ್ತಿರ ನಿಂತಿರುತ್ತೇನೆ — ಬಾಗಿಲ ಹಿಂದೆ ಅಲ್ಲ.