ಸೋದರಳಿಯನ ಮೂರನೆಯ ಹಕ್ಕು

ನಾರಿನ್ ಪಟ್ಟಣದಲ್ಲಿ ಬರೀ ಜಪರ್ ಎಂದರೆ ಯಾವ ಜಪರ್ ಎಂದು ಕೇಳುತ್ತಾರೆ. ಗುಂಡಿ ಜಪರ್ ಎಂದರೆ ಟ್ಯಾಕ್ಸಿ ನಿಲ್ದಾಣದಲ್ಲಿ ಚಹಾ ಮಾರುವವಳೂ ಮನೆಯ ದಾರಿ ತೋರಿಸುತ್ತಾಳೆ. ಅಂಗಳದ ನಡುವೆ ಆಳೆತ್ತರದ ಗುಂಡಿ ತೋಡಿ, ಒಳಗೆ ಕಲ್ಲು ಕಟ್ಟಿ, ಮೇಲೆ ಕಾರು ನಿಲ್ಲಿಸಿ, ತಾನೇ ಕೆಳಗಿಳಿದು ಅದರ ಚಾಕರಿ ಮಾಡುವ ಮನುಷ್ಯ ಅವನು. ಕಾರು ಏಳು ಸೀಟಿನದು. ಜಪಾನಿನಲ್ಲಿ ಯಾರೋ ಓಡಿಸಿ ಸಾಕೆಂದು ಬಿಟ್ಟದ್ದು ಇಲ್ಲಿಗೆ ಬಂದು, ಡೊಲೊನ್ ಘಟ್ಟ ಹತ್ತಿ ಇಳಿದು, ರಾಜಧಾನಿ ಬಿಶ್ಕೆಕ್‌ಗೆ ಜನ ಸಾಗಿಸುತ್ತ ಐದು ಲಕ್ಷ ಕಿಲೋಮೀಟರು ದಾಟಿದೆ. ಇನ್ನೂ ಓಡುತ್ತಿರುವುದು ಜಪರನ ಕೈಗುಣದಿಂದ ಎಂದು ಕೆಲವರು ಹೇಳುತ್ತಾರೆ, ಜಿಪುಣತನದಿಂದ ಎಂದು ಉಳಿದವರು.

ಎರಡೂ ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ. ಜಪರನಿಗೆ ಬೋಲ್ಟು ತಿರುಗಿಸುವ ತನ್ನ ಪಾನ ಇನ್ನೊಬ್ಬರ ಕೈಯಲ್ಲಿ ಕಂಡರೆ ಮೈ ಉರಿಯುತ್ತದೆ. ಬ್ರೇಕ್ ಆಯಿಲ್ ಬದಲಿಸುವಾಗ ಪೆಡಲ್ ತುಳಿಯಲು ಇನ್ನೊಂದು ಕಾಲು ಬೇಕೇ ಬೇಕು, ಹಾಗಾಗಿ ಅಷ್ಟಕ್ಕೆ ಮಾತ್ರ ಹೆಂಡತಿ ಬುರುಲ್‌ಗೆ ಅನುಮತಿ. ಆಗ ಅವಳು ಡ್ರೈವರ್ ಸೀಟಿನಲ್ಲಿ ಕೂತು, ಗುಂಡಿಯಿಂದ ಬರುವ "ಒತ್ತು, ಹಿಡಿ, ಬಿಡು" ಎಂಬ ಹುಕುಂ ಕೇಳಿ ಕೇಳಿ, ಮದುವೆಯಾದಾಗಿನಿಂದ ಗಂಡ ತನ್ನ ಹತ್ತಿರ ಆಡಿದ ಮಾತೆಲ್ಲ ಇಷ್ಟೇ ಎಂದು ನೆರೆಯವರ ಮುಂದೆ ಹೇಳಿಕೊಂಡು ನಗುತ್ತಾಳೆ.

ಈಚೆಗೆ ಆ ಗುಂಡಿ ಇಳಿಯುವುದೆಂದರೆ ಜಪರನಿಗೆ ಜೀವ ಹೋದಷ್ಟು ಕಷ್ಟ. ಸೊಂಟ ಬಾಗುವುದಿಲ್ಲ, ಬಾಗಿದರೆ ಏಳುವುದಿಲ್ಲ. ತಲೆಯ ಮೇಲೆ ಕೈಯೆತ್ತಿ ಬೋಲ್ಟು ಸಡಿಲಿಸುವಷ್ಟರಲ್ಲಿ ತೋಳು ಮರಗಟ್ಟುತ್ತದೆ. ಘಟ್ಟದಿಂದ ಬಂದ ಸುಸ್ತು ಮೊದಲು ನಿದ್ದೆಯಲ್ಲಿ ಕಳೆಯುತ್ತಿತ್ತು. ಈಗ ಹಾಸಿಗೆಯಿಂದ ಅವನ ಜೊತೆಯಲ್ಲೇ ಎದ್ದು ಬರುತ್ತದೆ. ಆದರೂ ಚಳಿಗಾಲಕ್ಕೆ ಮುಂಚೆ ಎಂಜಿನ್ ಆಯಿಲ್, ಎಂಜಿನ್ ತಣಿಸುವ ಕೂಲೆಂಟ್, ಬ್ರೇಕ್ ಆಯಿಲ್ ಬದಲಾಗಬೇಕು. ಒಂದು ದಿನ ಒಂದೇ ಎಂಬುದು ಅವನ ನೇಮ. ಹಳೇ ಕಾರನ್ನು ಒಂದೇ ಸಲಕ್ಕೆ ಬರಿದು ಮಾಡಬಾರದು. ಇನ್ನು ಗೇರ್‌ಬಾಕ್ಸಿನ ಆಯಿಲ್ಲನ್ನಂತೂ ಮುಟ್ಟಲೇಬಾರದು. ಅಷ್ಟು ಓಡಿದ ಗೇರ್‌ಬಾಕ್ಸ್ ನಿಂತಿರುವುದೇ ಆ ಕರೀ ಆಯಿಲ್ಲಿನಲ್ಲಿರುವ ಸವೆದ ಪುಡಿಯ ಬಲದ ಮೇಲೆ, ಅದನ್ನು ತೆಗೆದರೆ ಗೇರ್ ಹಿಡಿಯುವುದಿಲ್ಲ ಎಂದು ನಿಲ್ದಾಣದ ಹೊಸ ಡ್ರೈವರ್‌ಗಳಿಗೆಲ್ಲ ಅವನು ಬುದ್ಧಿ ಹೇಳಿದ್ದ.

ಹೀಗಿರುವಾಗ ಅಕ್ಕ ಅಪಾಲಳ ಮಗ ತಿನಾರ್ ಫೋನು ಮಾಡಿದ. "ಮಾವ, ಭಾನುವಾರ ಬರ್ತೀನಿ. ನನ್ನದು ಇನ್ನೊಂದು ಉಳಿದಿದೆಯಲ್ಲ, ಅದನ್ನ ಕೇಳೋಕೆ," ಎಂದ.

ಜಪರ್ ಫೋನಿಟ್ಟು ಅಂಗಳದ ಕಾರಿನತ್ತ ನೋಡಿದ. ಸೋದರಳಿಯ ಬರುವುದಕ್ಕಿಂತ ಏಳು ತೋಳ ಬರಲಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇಲ್ಲಿಯ ಪದ್ಧತಿಯಂತೆ ಅಕ್ಕತಂಗಿಯರ ಮಗ ಮೂರು ಸಲ ಏನು ಕೇಳಿದರೂ ಸೋದರಮಾವ ಇಲ್ಲ ಎನ್ನುವಂತಿಲ್ಲ. ತಿನಾರ್ ಮೊದಲ ಸಲ ಹುಡುಗನಾಗಿದ್ದಾಗ ಕಂದು ಕುದುರೆಮರಿ ಕೇಳಿ ಹೊಡೆದುಕೊಂಡು ಹೋಗಿದ್ದ. ಎರಡನೇ ಸಲ, ಅವನ ಮದುವೆಗೆ, ಬುರುಲ್ ತವರಿನಿಂದ ತಂದ ಉಣ್ಣೆಯ ಹಾಸು ಹೋಯಿತು. ಆ ಹಾಸಿನ ಜಾಗದ ಬರೀ ನೆಲ ಈಗಲೂ ಬುರುಲ್‌ಳ ಕಣ್ಣು ಚುಚ್ಚುತ್ತದೆ. ಮೂರನೆಯದಕ್ಕೆ ಆ ಮನೆಯಲ್ಲಿ ಉಳಿದಿರುವುದು ಕಾರೊಂದೇ. ಕಾರು ಹೋದರೆ ಅನ್ನ ಹೋಯಿತು.

"ಕಾರೇ ಕೇಳ್ತಾನೆ, ಬರೆದಿಟ್ಕೊಳ್ಳಿ," ಎಂದಳು ಬುರುಲ್. ಉಪಾಯವೂ ಅವಳದೇ: ಭಾನುವಾರದ ಹೊತ್ತಿಗೆ ಕಾರು ಬಿಚ್ಚಿಟ್ಟಿರಬೇಕು. ಆಯಿಲ್ಲಿಲ್ಲದ, ನೀರಿಲ್ಲದ, ಬ್ರೇಕಿಲ್ಲದ ಕಾರನ್ನು ಯಾವ ಅಳಿಯ ತಾನೇ ಕೇಳಿಯಾನು?

ಜಪರ್ ಆಗಲಿ ಎಂದ. ಭಾನುವಾರ ಬೆಳಿಗ್ಗೆ ಗುಂಡಿಗಿಳಿದವನು ನೇಮವನ್ನೆಲ್ಲ ಗಾಳಿಗೆ ತೂರಿದ. ಎಂಜಿನ್ ಆಯಿಲ್ ಡಬ್ಬಿಗೆ ಬಸಿಯಿತು, ಕೂಲೆಂಟ್ ಬಕೆಟ್ಟಿಗೆ ಸುರಿಯಿತು. ಬ್ರೇಕ್ ಆಯಿಲ್ಲನ್ನು ಬುರುಲ್ ತುಳಿದು ತುಳಿದು ಖಾಲಿ ಮಾಡಿದಳು. ಅಷ್ಟರಲ್ಲಿ ಬೀದಿಯಲ್ಲಿ ಯಾವುದೋ ಗಾಡಿ ನಿಂತ ಸದ್ದಾಯಿತು. ತಿನಾರ್ ಬಂದೇಬಿಟ್ಟ, ಇಷ್ಟು ಸಾಲದು ಎಂದು ಹೆದರಿದ ಜಪರ್, ಹಿಂದುಮುಂದು ನೋಡದೆ ಗೇರ್‌ಬಾಕ್ಸಿನ ಬೋಲ್ಟಿಗೂ ಪಾನ ಹಾಕಿ ತಿರುಗಿಸಿದ. ಕರೀ ಆಯಿಲ್ ಅದೇ ಡಬ್ಬಿಯೊಳಕ್ಕೆ ಇಳಿದು ಎಂಜಿನ್ ಆಯಿಲ್ಲಿನ ಜೊತೆ ಬೆರೆಯಿತು. ಬೀದಿಯ ಗಾಡಿ ಪಕ್ಕದ ಮನೆಯವರದು. ಅದು ಗೊತ್ತಾದಾಗ ಡಬ್ಬಿ ತುಂಬಿತ್ತು, ಬೆರೆತ ಆಯಿಲ್ಲನ್ನು ಮರಳಿ ಹಾಕುವಂತಿರಲಿಲ್ಲ.

ತಿನಾರ್ ಬಂದದ್ದು ಮಧ್ಯಾಹ್ನ, ಹೆಗಲಿಗೊಂದು ಭಾರದ ಚೀಲ ಹಾಕಿಕೊಂಡು. ಅಂಗಳದಲ್ಲಿ ಬಾಯಿ ತೆರೆದು ನಿಂತ ಕಾರನ್ನು ನೋಡಿಕೊಂಡೇ ಒಳಗೆ ಬಂದ. ಕೆನೆ ಸವರಿದ ರೊಟ್ಟಿ ತಿಂದ, ಚಹಾ ಕುಡಿದ, ಅತ್ತೆಯ ಮಂಡಿನೋವು ವಿಚಾರಿಸಿದ. ಬುರುಲ್ ಕಾರು ಎಷ್ಟು ಹಳೆಯದು, ಎಷ್ಟು ಕೆಟ್ಟಿದೆ ಎಂದು ಕೇಳದಿದ್ದರೂ ಮೂರು ಸಲ ಹೇಳಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಜಪರ್ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಮಾವ, ಕೇಳ್ಲಾ?"

"ಕೇಳು. ನಿನ್ನ ಹಕ್ಕು, ಬೇಡ ಅನ್ನೋಕೆ ನಾನ್ಯಾರು," ಎಂದ ಜಪರ್.

"ನಿಮ್ಮ ಪಾನ ನನ್ನ ಕೈಗೆ ಕೊಡಿ. ಚಳಿಗಾಲದ ಕೆಲಸ ಈ ವರ್ಷ ನಾನು ಮಾಡ್ತೀನಿ. ಈ ವರ್ಷ ಅಂತಲ್ಲ, ಇನ್ಮೇಲೆ ಯಾವಾಗಲೂ. ನೀವು ಆ ಗುಂಡಿಗೆ ಇಳೀಬಾರದು. ಇದೇ ನಾನು ಕೇಳೋದು."

ತಿನಾರ್ ಚೀಲ ಬಿಚ್ಚಿದ. ಎಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್, ಎಲ್ಲವೂ ಅದರಲ್ಲಿತ್ತು.

"ಸುಮ್ನೆ ಬಂದು ಮಾಡ್ಕೊಡ್ತೀನಿ ಅಂದಿದ್ರೆ ನೀವು ಅಟ್ಟಿಬಿಡ್ತಿದ್ರಿ," ಎಂದ. "ಅಮ್ಮನೇ ಹೇಳಿದ್ಲು. ನನ್ನ ತಮ್ಮ ಕುದುರೆ ಕೊಡ್ತಾನೆ, ಹಾಸು ಕೊಡ್ತಾನೆ, ಪಾನ ಮಾತ್ರ ಕೊಡಲ್ಲ. ಮೂರನೆಯದನ್ನ ಅದಕ್ಕೇ ಇಟ್ಕೋ ಅಂತ."

ಜಪರ್ ಜೇಬಿನಿಂದ ಪಾನ ತೆಗೆದು ಕೊಟ್ಟ. ಹೊರಗೆ ಹೋಗಿ ಬೋರಲು ಹಾಕಿದ ಇನ್ನೊಂದು ಬಕೆಟ್ಟಿನ ಮೇಲೆ ಅವನು ಕೂತ. ಯಾರೋ ತನ್ನ ಕಾರಿನ ಕೆಳಗಿದ್ದಾರೆ, ತಾನು ಮೇಲೆ ಬಿಸಿಲಲ್ಲಿ ಕೂತಿದ್ದೇನೆ ಎಂಬುದೇ ವಿಚಿತ್ರವಾಗಿತ್ತು. ಮೈ ಹಗುರವಾಯಿತು; ಅಷ್ಟು ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು.

ಗುಂಡಿಯೊಳಗಿನ ಸದ್ದು ನಿಂತಿತು. ತಿನಾರ್ ತಲೆ ಹೊರಗೆ ಹಾಕಿದ. ಮುಖದಲ್ಲಿ ನಗುವಿರಲಿಲ್ಲ.

"ಮಾವ, ಈ ಬೋಲ್ಟೂ ಬಿಚ್ಚಿದೆ, ಗೇರ್ ಆಯಿಲ್ ಯಾಕೆ ಬಿಟ್ರಿ? ಜನ್ಮದಲ್ಲಿ ಮುಟ್ಟಬಾರದು ಅಂತ ನನಗೆ ಹೇಳಿದ್ದು ನೀವೇ ಅಲ್ವಾ?"

ಸುಳ್ಳು ಹೇಳುವುದಕ್ಕೂ ಒಂದಿಷ್ಟು ಕಸುವು ಬೇಕು. ಜಪರನಲ್ಲಿ ಅಷ್ಟು ಉಳಿದಿರಲಿಲ್ಲ.

"ನೀನು ಕಾರು ಕೇಳ್ತೀಯ ಅಂದ್ಕೊಂಡೆ ಕಣಪ್ಪ. ತಗೊಂಡು ಹೋಗದ ಹಾಗೆ ಆಗ್ಲಿ ಅಂತ ಬಿಟ್ಟೆ."

ತಿನಾರ್‌ಗೆ ನೋವಾಯಿತೆಂಬುದು ಯಾರಿಗೂ ಕಾಣುವಂತಿತ್ತು. ಆಮೇಲೆ ಕೈ ಒರೆಸಿಕೊಂಡು ಮೇಲೆ ಬಂದು, ಬಜಾರಿಗೆ ಹೋಗಿ ಹೊಸ ಗೇರ್ ಆಯಿಲ್ ತಂದ. ಎಲ್ಲವನ್ನೂ ಒಂದೊಂದಾಗಿ ತುಂಬಿದ. ಬ್ರೇಕಿಗೆ ಅತ್ತೆಯನ್ನು ಕೂರಿಸಿ, "ಒತ್ತಿ ಅತ್ತೆ, ಹಿಡೀರಿ, ಬಿಡಿ" ಎಂದ. ಬುರುಲ್ ಪೆಡಲ್ ತುಳಿಯುತ್ತ ಕಣ್ಣೊರೆಸಿಕೊಂಡಳು.

ಕೊನೆಗೆ ಜಪರ್ ಕೂತು ಕೀಲಿ ತಿರುಗಿಸಿದ. ಎಂಜಿನ್ ಹಳೆಯ ಹಾಗೇ ಎದ್ದಿತು. ಗೇರ್ ಹಾಕಿದರೆ ಕಾರು ಕದಲಲಿಲ್ಲ. ಎಂಜಿನ್ ಗೊಣಗುತ್ತಿತ್ತು, ಚಕ್ರ ನಿಂತೇ ಇತ್ತು. ಇನ್ನೇನು ಕತೆ ಮುಗಿಯಿತು ಎನ್ನುವಾಗ ಒಳಗೆಲ್ಲೋ ಹಿಡಿತ ಸಿಕ್ಕಿ, ಕಾರು ಒಮ್ಮೆ ಮುಗ್ಗರಿಸಿ ಹೊರಟಿತು.

"ಏಳು ತೋಳ ಬಂದಿದ್ರೂ ನಾನು ಮಾಡಿದಷ್ಟು ಹಾಳು ಮಾಡ್ತಿರ್ಲಿಲ್ಲ," ಎಂದ ಜಪರ್.

ಈಗ ಅವನು ಗುಂಡಿಗೆ ಇಳಿಯುವುದಿಲ್ಲ. ಬಕೆಟ್ಟಿನ ಮೇಲೆ ಕೂತು ಅಳಿಯನಿಗೆ ಬುದ್ಧಿ ಹೇಳುತ್ತಾನೆ, ಅವನು ಕೇಳಿಸಿಕೊಳ್ಳುತ್ತಾನೆ. ಗೇರ್ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ದಿನಾ ಬೆಳಿಗ್ಗೆ ನಿಲ್ದಾಣದಲ್ಲಿ ಗೇರ್ ಹಾಕಿ ಒಂದಿಷ್ಟು ಕಾಯಬೇಕು. ಹಿಂದೆ ಕೂತವರು ಯಾಕೆ ಹೊರಡಲಿಲ್ಲ ಎಂದು ಕೇಳುತ್ತಾರೆ. ನನ್ನದೇ ತಪ್ಪು, ಒಂಚೂರು ತಾಳಿ ಎಂದು ಹೇಳಿ, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಜಪರ್ ಕಾಯುತ್ತಾನೆ.