ನೇರಳೆ ನಾಲಿಗೆ

ಮೊನ್ನೆ ಹುಣಸೂರು ಬಸ್ ನಿಲ್ದಾಣದ ಎದುರು ತಳ್ಳುಗಾಡಿಯಲ್ಲಿ ನೇರಳೆಹಣ್ಣು ಬಂದಿತ್ತು. ಉಪ್ಪು ಉದುರಿಸಿದ ಹಣ್ಣಿನ ಆ ಒಗರು ವಾಸನೆಗೆ ಯಾರ ಬಾಯಲ್ಲೂ ನೀರೂರಬೇಕು. ನನ್ನ ಬಾಯಿ ಒಣಗಿತು.

ಬಹಳ ವರ್ಷಗಳ ಹಿಂದೆ ಅಂತರಸಂತೆ ಕಡೆಯ, ಕಾಡಂಚಿನ ಆದಿವಾಸಿ ಹಾಡಿಯೊಂದರ ಅಂಗನವಾಡಿಗೆ ನಾನು ಹೊಸ ಟೀಚರಾಗಿ ಹೋಗಿದ್ದೆ. ಅಲ್ಲಿ ಅಡುಗೆ ಮಾಡಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಹಾಯಕಿ ಅದೇ ಹಾಡಿಯವರು, ನನಗಿಂತ ಬಹಳ ದೊಡ್ಡವರು. ಅಕ್ಕ ಎನ್ನುತ್ತಿದ್ದೆ. ಮುಂಗಾರು ಹಿಡಿದರೆ ಅವರ ಮಡಿಲ ತುಂಬ ನೇರಳೆ. ಮರ ಅಲ್ಲಾಡಿಸುವಂತಿಲ್ಲ, ಉದುರಿದ್ದನ್ನಷ್ಟೇ ಆರಿಸಬೇಕು. ಕೊಂಬೆಯಲ್ಲಿರುವುದು ಕರಡಿಯ ಪಾಲು. ಅದು ಅವರ ಕಟ್ಟಳೆ. ತೊಳೆದು ಮಕ್ಕಳಿಗೆ ಹಂಚುವರು, ನನಗೂ ಒಂದು ಹಿಡಿ. ನಾನು ಮಕ್ಕಳ ನಾಲಿಗೆ ಉಜ್ಜಲು ಹೋದರೆ ತಡೆಯುವರು.

“ಉಜ್ಬೇಡಿ ಟೀಚರವ್ವ, ಆ ಬಣ್ಣದಾಗೇ ಕಣವ್ವ ಕಸುವಿರೋದು.”

ಕಾಡಿನವರ ಮಾತು ಎಂದು ನಗುತ್ತಿದ್ದೆ. ಪಿಯುಸಿ ಓದಿದ್ದ ಕೊಬ್ಬು...

ಒಂದು ದಿನ ಹೇಳದೆ ಕೇಳದೆ ಮೇಲಧಿಕಾರಿ ಬಂದರು. ಮಕ್ಕಳ ಬಾಯೆಲ್ಲ ನೇರಳೆ. ಕಾಡಿನ ಹಣ್ಣು ತಿನ್ನಿಸಿದ್ದು ಯಾರು, ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂದು ರೇಗಿದರು. ಅಕ್ಕ ನನ್ನ ಮುಖ ನೋಡಿದರು. ಅವತ್ತು ‘ಹಣ್ಣು ಹಂಚಿ’ ಎಂದವಳು ನಾನೇ, ಎಲ್ಲರಿಗಿಂತ ಹೆಚ್ಚು ತಿಂದವಳೂ ನಾನೇ. ಬಾಯಿ ಬಿಟ್ಟರೆ ನಾಲಿಗೆ ಕಂಡುಬಿಡುತ್ತದೆ. ತುಟಿ ಬಿಗಿಹಿಡಿದು, ನನಗೇನೂ ಗೊತ್ತಿಲ್ಲವೆಂಬಂತೆ ತಲೆಯಾಡಿಸಿಬಿಟ್ಟೆ.

“ನಾನೇ ಕೊಟ್ಟೆ ಕಣವ್ವ,” ಎಂದರು ಅಕ್ಕ.

ಆ ವಾರವೇ ಅವರನ್ನು ಕೆಲಸದಿಂದ ಬಿಡಿಸಿದರು. ಬೀಗದ ಕೈ ಕೊಡಲು ಬಂದವರ ಸೆರಗನ್ನು ಮಕ್ಕಳು ಹಿಡಿದುಕೊಂಡಿದ್ದವು.

“ನೀವೂ ತಿಂದ್ರಿ ಅಂತ ಏಳ್ನಿಲ್ಲ ಕಣವ್ವ. ನೀವೂ ಓಗ್ಬುಟ್ರೆ ನಮ್ ಮಕ್ಳಿಗೆ ಅಕ್ಸರ ಏಳ್ಕೊಡೋರ್ ಯಾರು?”

ಆಗಲೂ ತಪ್ಪಾಯಿತು ಎನ್ನಲಿಲ್ಲ. ಕೀಲಿ ಇಸಿದುಕೊಂಡೆ, ಅಷ್ಟೇ.

ಈಗ ನಾನೇ ಮೇಲ್ವಿಚಾರಕಿ. ನಿನ್ನೆ ಎಚ್.ಡಿ. ಕೋಟೆಯಲ್ಲಿ ಅಂಗನವಾಡಿ ಟೀಚರುಗಳಿಗೆ ತರಬೇತಿ. ಗೋಡೆಗೆ ಚಾರ್ಟ್ ತೂಗುಹಾಕಿ ಪಾಠ ಮಾಡಿದೆ: ಕಡುಬಣ್ಣದ ಹಣ್ಣುಗಳಿಗೆ ಆ ಬಣ್ಣ ಕೊಡುವುದು ಆಂಥೋಸಯನಿನ್, ಅದು ನಮ್ಮ ಜೀವಕೋಶಗಳಿಗೆ ಒಳ್ಳೆಯದು, ಸಿಪ್ಪೆ ಬಿಸಾಡಬೇಡಿ, ಮಕ್ಕಳಿಗೆ ನೇರಳೆ ಕೊಡಿ. ಎಲ್ಲರೂ ಬರೆದುಕೊಂಡರು. ಅಂತರಸಂತೆ ಕಡೆಯಿಂದ ಬಂದವಳೊಬ್ಬಳನ್ನು ಬಿಡುವಿನಲ್ಲಿ ಅಕ್ಕನ ಬಗ್ಗೆ ಕೇಳಿದೆ.

“ಆವಮ್ಮ ತೀರ್ಕೊಂಡು ಎಲ್ಡ್ ವರ್ಸ ಆಯ್ತು ಮೇಡಂ. ನಿಮಗೆ ಆವಮ್ಮನ ಗುರ್ತಿತ್ತಾ?”

ಅವತ್ತು ನಾಲಿಗೆಯ ಮೇಲೆ ಬಣ್ಣವಿತ್ತು, ಬಾಯಿ ಬಿಡಲಿಲ್ಲ. ನಿನ್ನೆ ಬಣ್ಣವಿರಲಿಲ್ಲ. ಆದರೂ ಇಲ್ಲವೆಂದು ತಲೆಯಾಡಿಸಿ ಚಾರ್ಟ್ ಸುತ್ತಿಟ್ಟೆ.