ಆರನೇ ಪೆಟ್ಟಿಗೆಯ ಮೂವತ್ತಾರು ಪಾಯಿಂಟ್ ಎಂಟು

ಓಯ್, ಹಸಿರು ಗೇಟಿನವರೇ! ಮೇಲ್ಮಹಡಿ ಅಕ್ಕಂದಿರೇ! ಹೊಲಿಗೆ ಅಂಗಡಿ ಮಾಮಾ, ಮಿಷನ್ ಮೇಲಿಂದ ಕಾಲು ತೆಗೆಯಿರಿ ಒಂದ್ನಿಮಿಷ! ನಮ್ಮತ್ತಿಗೆಗೆ ಹೋದ ಮಂಗಳವಾರ ಏನಾಯಿತೆಂದು ನೀವೆಲ್ಲ ಅರ್ಧಂಬರ್ಧ ಕೇಳಿ, ಉಳಿದರ್ಧ ನೀವೇ ಸೇರಿಸಿ ಹಂಚಿದ್ದೀರಿ. ಕೆಲಸ ಹೋಯಿತಂತೆ, ಪೊಲೀಸರು ಬಂದರಂತೆ. ಯಾರೂ ಬಂದಿಲ್ಲ, ಕೆಲಸವೂ ಇನ್ನೂ ಹೋಗಿಲ್ಲ. ಅತ್ತಿಗೆ ನನ್ನೆದುರು ಕೂತು ಹೇಳಿದ್ದನ್ನು ಹೇಳುತ್ತೇನೆ, ಕೇಳಿ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಕಂಪ್ಯೂಟರ್ ಕೆಲಸ. ನಿಮ್ಮ ಪ್ರಿಂಟರಿಗೆ ಕಾಗದ ಸಿಕ್ಕಿಹಾಕಿಕೊಂಡಾಗ ಕೂಗುತ್ತೀರಲ್ಲ, ಆ ಕೆಲಸವಲ್ಲ. ಆಸ್ಪತ್ರೆಗಳಿಗೆ ಪ್ರೋಗ್ರಾಂ ಬರೆಯುವುದು. ತುಂಬ ತಣ್ಣಗಿನ ಸ್ವಭಾವ. ಒಮ್ಮೆ ಕುಕ್ಕರ್ ಸಿಡಿದು ಬೇಳೆಯೆಲ್ಲ ಚಾವಣಿಗೆ ಹತ್ತಿದಾಗ ನಾವು ಕಿರುಚಿಕೊಂಡು ಓಡಿದೆವು. ಅವರು ತಲೆಯೆತ್ತಿ ನೋಡಿ, "ಕೆಳಗೆ ಬೀಳೋದ್ರೊಳಗೆ ಯಾರಾದ್ರೂ ಪಾತ್ರೆ ಹಿಡೀರಿ" ಎಂದಿದ್ದರು. ಅಂಥವರೂ ಮಂಗಳವಾರ ಇಡೀ ದಿನ ಹೆದರಿದ್ದರು.

ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಮಾಡಿದವರು ಹೆರಿಗೆ ಆಸ್ಪತ್ರೆಯ ಎಳೆಗೂಸುಗಳ ವಾರ್ಡಿನ ಮುಖ್ಯ ನರ್ಸ್. ಅಲ್ಲಿ ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಾರೆ.

"ಆರನೇ ಪೆಟ್ಟಿಗೆ ಮಗು ತಣ್ಣಗಾಗಿತ್ತು. ಬಟ್ಟೆ ಬದಲಾಯಿಸೋಕೆ ಕೈ ಹಾಕಿದಾಗ ಗೊತ್ತಾಯ್ತು. ಪಾದ ಐಸು ಐಸು. ನಿನ್ನ ಸ್ಕ್ರೀನು ಮಾತ್ರ ಮೂವತ್ತಾರು ಪಾಯಿಂಟ್ ಎಂಟು ಅಂತ ಆರಾಮಾಗಿ ಕೂತಿತ್ತು."

"ಮಗು ಈಗ...?"

"ತಾಯಿ ಎದೆ ಮೇಲೆ ಹಾಕಿದೀವಿ, ಬೆಚ್ಚಗಾಗ್ತಿದೆ. ನೀನು ಮೊದಲು ಬಾ."

ಆ ವಾರ್ಡಿನಲ್ಲಿ ಹನ್ನೆರಡು ಗಾಜಿನ ಪೆಟ್ಟಿಗೆಗಳಿವೆ. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳನ್ನು ಅವುಗಳಲ್ಲಿ ಬೆಚ್ಚಗೆ ಮಲಗಿಸುತ್ತಾರೆ. ಒಂದೊಂದು ಕೂಸಿನ ಹೊಟ್ಟೆಗೂ ಅಂಗಿ ಗುಂಡಿಯಷ್ಟು ದೊಡ್ಡ ಸೆನ್ಸರ್ ಅಂಟಿಸಿರುತ್ತಾರೆ. ಅದು ಸೆಕೆಂಡಿಗೊಂದು ಸಲ ಮೈಶಾಖವನ್ನು ಕಳಿಸುತ್ತದೆ, ನರ್ಸುಗಳ ಮೇಜಿನ ಮೇಲಿನ ಪರದೆಯಲ್ಲಿ ಅಂಕಿ ಕಾಣುತ್ತದೆ. ಆ ಪರದೆಯ ಪ್ರೋಗ್ರಾಂ ನಮ್ಮತ್ತಿಗೆಯದು.

ಅವರು ತಲುಪುವಷ್ಟರಲ್ಲಿ ಮಗು ತಣ್ಣಗಾದದ್ದು ಹೇಗೆಂದು ತಿಳಿದಿತ್ತು. ಪೆಟ್ಟಿಗೆಯ ಬದಿಯಲ್ಲಿ ಕೈ ಹಾಕುವ ಕಿಂಡಿ ಸರಿಯಾಗಿ ಮುಚ್ಚಿರಲಿಲ್ಲ, ಸೆನ್ಸರ್ ಕೂಡ ವೈರಿನಿಂದ ಕಿತ್ತು ಬಂದಿತ್ತು. ಆದರೆ ಸೆನ್ಸರ್ ಸುಮ್ಮನಾದರೆ ಹತ್ತು ಸೆಕೆಂಡಿನಲ್ಲಿ ಅಂಕಿ ಅಳಿಸಿ, ಬರೀ ಗೆರೆ ಬಂದು, ಗಂಟೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಂಡಿರಲಿಲ್ಲ. ಕೊನೆಗೆ ಬಂದಿದ್ದ ಅಂಕಿಯನ್ನೇ ಹಿಡಿದುಕೊಂಡು ಪರದೆ ನಗುತ್ತ ಕೂತಿತ್ತು.

ಅತ್ತಿಗೆ ಪರದೆಯ ಮುಂದೆ ನಿಂತರು. ಉಳಿದ ಹನ್ನೊಂದು ಅಂಕಿಗಳು. ಒಂದಕ್ಕಿಂತ ಒಂದು ಚೆನ್ನಾಗಿವೆ.

"ಇದರಲ್ಲಿ ಇನ್ಯಾವುದು ಸುಳ್ಳು ಹೇಳ್ತಿದೆ?" ದೊಡ್ಡ ಸಿಸ್ಟರ್ ಕೇಳಿದರು.

"ಗೊತ್ತಿಲ್ಲ ಸಿಸ್ಟರ್."

"ಗೊತ್ತಿಲ್ಲ ಅಂದ್ರೆ? ಮಾಡಿದೋಳು ನೀನಲ್ವಾ?"

ದೊಡ್ಡ ಸಿಸ್ಟರ್ ಉತ್ತರಕ್ಕೆ ಕಾಯಲಿಲ್ಲ, ಕಾಲು ಗಂಟೆಗೊಮ್ಮೆ ಪ್ರತಿ ಕೂಸಿನ ಮೈಶಾಖವನ್ನೂ ಕೈಯಿಂದಲೇ ನೋಡಬೇಕೆಂದು ಮೂವರು ನರ್ಸುಗಳಿಗೆ ಹೇಳಿದರು. ಔಷಧಿ, ಹಾಲು, ಬಟ್ಟೆ ಎಲ್ಲದರ ಮೇಲೆ ಇದೊಂದು. "ಎರಡು ಗಂಟೆವರೆಗೆ ಹೇಗೋ ತಳ್ತೀನಿ. ಆಮೇಲೆ ಡ್ಯೂಟಿಗೆ ಬರೋರು ಇಬ್ಬರೇ. ಅಷ್ಟರಲ್ಲಿ ನನಗೆ ಉತ್ತರ ಬೇಕು."

ಅಷ್ಟರಲ್ಲಿ ಅತ್ತಿಗೆಯ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರು. "ಸೆನ್ಸರ್ ಕಿತ್ತು ಬಂದಿತ್ತು ಅಂತ ಬರೆದು ಕೈ ತೊಳ್ಕೊಳ್ಳಿ. ನಮ್ಮದೇನೋ ತಪ್ಪು ಅಂತ ಅಲ್ಲಿ ಬಾಯಿ ಬಿಡಬೇಡಿ."

"ಇನ್ನೂ ಏನೂ ನೋಡಿಲ್ಲ ಸರ್."

"ಅದಕ್ಕೇ ಹೇಳ್ತಿರೋದು, ಬಾಯಿ ಬಿಡಬೇಡಿ ಅಂತ."

ಕೂರಲು ಸಿಕ್ಕಿದ್ದು ಬಟ್ಟೆ ಇಡುವ ಕೋಣೆ. ಮೂರು ಗೋಡೆಗೂ ಅಂಗೈಯಗಲದ ಟೋಪಿ, ಕರವಸ್ತ್ರದಷ್ಟು ಚಿಕ್ಕ ಹೊದಿಕೆಗಳ ರಾಶಿ, ಮೂಗು ಸುಡುವ ಬ್ಲೀಚ್ ವಾಸನೆ. ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆದು ಲಾಗ್ ನೋಡಿದರು. ಲಾಗ್ ಎಂದರೆ ಪ್ರೋಗ್ರಾಂ ತಾನೇ ಬರೆದಿಡುವ ದಿನಚರಿ. ಗಂಟೆಗೊಂದು ಸಾಲು: ಎಲ್ಲ ಸರಿ. ಎಲ್ಲ ಸರಿ. ಎಲ್ಲ ಸರಿ. ಮಗು ತಣ್ಣಗಾಗುತ್ತಿದ್ದ ಆ ಹೊತ್ತಿನಲ್ಲೂ ಎಲ್ಲ ಸರಿ.

ಅವರ ಆಫೀಸಿನಲ್ಲಿ ಕೋಡ್ ನೋಡಿ ತಪ್ಪು ಹುಡುಕುವ ಎಐ ಒಂದಿದೆ. ಏನು ಕೇಳಿದರೂ ಗೊತ್ತಿಲ್ಲವೆನ್ನುವುದೇ ಇಲ್ಲವಾದ್ದರಿಂದ ಅದಕ್ಕೆ ಪಂಡಿತ ಎಂದು ಹೆಸರಿಟ್ಟಿದ್ದಾರೆ. ಅತ್ತಿಗೆ ಕೂಸುಗಳ ಗುರುತೆಲ್ಲ ತೆಗೆದು, ಬರೀ ಪೆಟ್ಟಿಗೆ ನಂಬರ್ ಇಟ್ಟು, ಕೋಡನ್ನೂ ಆ ಖಾಲಿ ದಿನಚರಿಯನ್ನೂ ಪಂಡಿತನ ಮುಂದಿಟ್ಟರು. ನೆಟ್‌ವರ್ಕ್ ಮೇಲೆ ಅನುಮಾನ ಎಂದೂ ಬರೆದರು. ತಪ್ಪಾದದ್ದು ಅಲ್ಲೇ. ಪಂಡಿತ ಅದೇ ಮಾತನ್ನು ಚೆಂದ ಮಾಡಿ ತಿರುಗಿ ಕೊಟ್ಟ: ಹೌದು, ನೆಟ್‌ವರ್ಕ್ ದೋಷ, ಕೇಬಲ್ ಬದಲಾಯಿಸಿ.

ಒಂದು ಗಂಟೆ ಅದಕ್ಕೇ ಹೋಯಿತು. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಮೇಜಿನ ಕೆಳಗೆ ತೂರಿ ಪ್ರತಿ ವೈರನ್ನೂ ಎಳೆದು ನೋಡಿದ.

"ಮೇಡಂ, ಈ ವೈರು ನನ್ನ ಮದುವೆಗಿಂತ ಗಟ್ಟಿಯಾಗಿದೆ. ಇದಕ್ಕೇನೂ ಆಗಿಲ್ಲ."

"ಇನ್ನೊಂದ್ಸಲ ನೋಡಪ್ಪಾ."

"ಯಾರು ಹೇಳಿದ್ದು ನಿಮಗೆ ವೈರು ಅಂತ?"

"ಪಂಡಿತ."

"ಯಾವ ಪಂಡಿತನೋ! ಅವನನ್ನೇ ಕರೀರಿ, ಇಲ್ಲಿ ತೂರಲಿ."

ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಒಂಬತ್ತನೇ ಪೆಟ್ಟಿಗೆಯ ಹತ್ತಿರ ಒಬ್ಬ ನರ್ಸ್ ನಿಂತಲ್ಲೇ ನಿಂತಳು. ಕೈಯಲ್ಲಿದ್ದ ಥರ್ಮಾಮೀಟರಿನಲ್ಲಿ ಮೂವತ್ತಾರು. ಪರದೆಯಲ್ಲಿ ಮೂವತ್ತಾರು ಪಾಯಿಂಟ್ ಒಂಬತ್ತು. ಸೆನ್ಸರಿನ ಕೊಂಡಿ ಸಡಿಲವಾಗಿತ್ತು. ಯಾವಾಗಲೋ ರೀಡಿಂಗ್ ಬರುವುದೇ ನಿಂತುಹೋಗಿತ್ತು. ಪರದೆಗೆ ಅದರ ಪರಿವೆಯೇ ಇಲ್ಲ.

ಒಂದಾದರೆ ಕೈತಪ್ಪು ಎನ್ನಬಹುದು. ಎರಡಾದರೆ?

"ಸಿಸ್ಟರ್, ಆ ಮಗೂನ ಬೇರೆ ಪೆಟ್ಟಿಗೆಗೆ ಹಾಕಿ. ಒಂಬತ್ತನ್ನ ಹಾಗೇ ಬಿಡಿ, ಯಾರೂ ಮುಟ್ಟಬೇಡಿ."

ಕೂಸನ್ನು ಎತ್ತಿ ಹೆಚ್ಚುವರಿ ಪೆಟ್ಟಿಗೆಗೆ ಸಾಗಿಸಿದರು. ಒಂಬತ್ತರಲ್ಲಿ ಈಗ ಸುಕ್ಕಾದ ಹಾಸು, ಜೋತುಬಿದ್ದ ವೈರು ಅಷ್ಟೇ. ಪರದೆ ನೋಡಿದರೆ ಆಗಲೂ ಮೂವತ್ತಾರು ಪಾಯಿಂಟ್ ಒಂಬತ್ತು. ಇಲ್ಲದ ಮಗುವಿಗೆ ಬಿಸಿ ಮೈ. ನರ್ಸುಗಳಲ್ಲಿ ಚಿಕ್ಕವಳು ಗೋಡೆಗೊರಗಿ, "ಅಯ್ಯಮ್ಮಾ, ನನಗದನ್ನ ನೋಡೋಕಾಗ್ತಿಲ್ಲ" ಎಂದು ಮುಖ ತಿರುಗಿಸಿಬಿಟ್ಟಳು.

ಬಟ್ಟೆ ಕೋಣೆಗೆ ಓಡಿದ ಅತ್ತಿಗೆ ಪಂಡಿತನಿಗೆ ಕಂಡದ್ದನ್ನು ಕಂಡಂತೆ ಬರೆದರು. ಈ ಸಲ ಅನುಮಾನ ಗಿನುಮಾನ ಏನೂ ಸೇರಿಸಲಿಲ್ಲ. ಪಂಡಿತನ ರಾಗವೂ ಬದಲಾಯಿತು: ಮೊದಲು ಹೇಳಿದ್ದು ಊಹೆ, ತಪ್ಪಾಯಿತು. ಒಂದು ರೀಡಿಂಗ್ ಹುಟ್ಟಿದ್ದು ಯಾವಾಗ, ಪರದೆಗೆ ಬಂದದ್ದು ಯಾವಾಗ ಎಂದು ಈ ಪ್ರೋಗ್ರಾಂ ಎಲ್ಲೂ ಬರೆದಿಡುತ್ತಿಲ್ಲ. ಅದು ಕಂಡರೆ ಹೇಳಬಹುದು.

ಅತ್ತಿಗೆಗೆ ನಾಚಿಕೆಯಾಯಿತು. ಕಣ್ಣು ಕಟ್ಟಿ ದಾರಿ ಕೇಳಿದ್ದು ತಾವೇ. ಓಡುತ್ತಿದ್ದ ಪ್ರೋಗ್ರಾಂ ಮುಟ್ಟದೆ, ಅದರದೇ ಒಂದು ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕಕ್ಕೆ ಓಡಿಸಿದರು. ಆ ಪ್ರತಿಯಲ್ಲಿ, ಬಸ್ಸಿಗೆ ಹಾಕುವ ಸಾಮಾನಿಗೆ ಚೀಟಿ ಕಟ್ಟುತ್ತಾರಲ್ಲ, ಹಾಗೆ ಪ್ರತಿ ರೀಡಿಂಗಿಗೂ ಹುಟ್ಟುವಾಗಲೇ ಒಂದು ನಂಬರ್ ಕಟ್ಟಿದರು. ಸೆನ್ಸರಿನಿಂದ ಪರದೆಯವರೆಗೆ ನಾಲ್ಕು ನಿಲ್ದಾಣ. ಪ್ರತಿ ನಿಲ್ದಾಣದಲ್ಲೂ ಯಾವ ನಂಬರ್ ಎಷ್ಟು ಹೊತ್ತಿಗೆ ದಾಟಿತೆಂದು ಬರೆಯಬೇಕು. ಮಧ್ಯೆ ತಾವೇ ಹೋಗಿ ಒಂಬತ್ತರ ಸಡಿಲ ಕೊಂಡಿಯನ್ನು ಒಮ್ಮೆ ಒತ್ತಿ ಬಿಟ್ಟುಬಂದರು, ಪ್ರತಿಗೂ ಹಿಡಿಯಲು ಒಂದು ರೀಡಿಂಗ್ ಸಿಗಲೆಂದು. ಇಪ್ಪತ್ತು ನಿಮಿಷದಲ್ಲಿ ಐವತ್ತು ಸಾವಿರ ಸಾಲು ಬಿದ್ದವು. ಮನುಷ್ಯರು ಓದುವಂಥದ್ದಲ್ಲ. ಪಂಡಿತ ಓದಿದ, ಒಂದು ನಿಮಿಷವೂ ಹಿಡಿಯಲಿಲ್ಲ.

ಒಂಬತ್ತನೇ ಪೆಟ್ಟಿಗೆಯ ಒಂದು ರೀಡಿಂಗ್ ಹುಟ್ಟಿದ್ದು ಹನ್ನೆರಡು ನಲವತ್ತೊಂದಕ್ಕೆ. ಹನ್ನೆರಡು ಐವತ್ತೆರಡಕ್ಕೂ ಪರದೆಯ ಮೇಲೆ ಅದೇ ಇದೆ. ಆರುನೂರೈವತ್ತು ಸಲ ಅದನ್ನೇ ತೋರಿಸಲಾಗಿದೆ. ಪ್ರತಿ ಸಲವೂ ಮೂರನೇ ನಿಲ್ದಾಣದಲ್ಲಿ ಅದಕ್ಕೆ ಆಗಿನ ಹೊಸ ಸಮಯ ಒತ್ತಲಾಗಿದೆ. ಹಾಗಾಗಿ ಅದು ಎಂದೂ ಹಳೆಯದಾಗುವುದಿಲ್ಲ, ಹತ್ತು ಸೆಕೆಂಡಿನ ಗಡುವು ಎಂದೂ ಮುಗಿಯುವುದಿಲ್ಲ. ನಿನ್ನೆಯ ಹಾಲಿನ ಮೇಲೆ ದಿನಾ ಬೆಳಿಗ್ಗೆ ಇವತ್ತಿನ ತಾರೀಖು ಅಂಟಿಸಿದ ಹಾಗೆ.

ಆ ಸಾಲನ್ನು ಬರೆದವರು ಯಾರೆಂಬುದು ಕೋಡಿನ ಪಕ್ಕದಲ್ಲೇ ಇರುತ್ತದೆ. ಅತ್ತಿಗೆ ನೋಡಿದರು. ಅವರದೇ ಹೆಸರು. ಆರು ವರ್ಷ ಹಿಂದಿನ ತಾರೀಖು.

ಎಲ್ಲ ನೆನಪಾಯಿತು. ಆಗ ವೈರು ಒಂದು ಕ್ಷಣ ಅಲುಗಿದರೂ ಪರದೆಯಲ್ಲಿ ಗೆರೆ ಮಿನುಗಿ ಗಂಟೆ ಹೊಡೆಯುತ್ತಿತ್ತು. ದಿನಕ್ಕೆ ನಲವತ್ತು ಸಲ ಓಡೋಡಿ ನರ್ಸುಗಳು ಸೋತುಹೋಗಿದ್ದರು. ಸರಿ, ಹತ್ತು ಸೆಕೆಂಡಿನವರೆಗೆ ಹಿಂದಿನ ಅಂಕಿಯನ್ನೇ ತೋರಿಸು ಎಂದು ಅತ್ತಿಗೆ ಬರೆದರು. ಬರೆಯುವ ಭರದಲ್ಲಿ ಹಳೆಯ ಅಂಕಿಗೆ ಹೊಸ ಸಮಯ ಕೂತುಬಿಟ್ಟಿತು. ದಿನಚರಿ ತುಂಬಿಹೋಗುತ್ತದೆಂದು ಅದನ್ನು ಅಲ್ಲಿ ಬರೆಯುವುದೂ ಬೇಡ ಎಂದುಬಿಟ್ಟರು. ಪರೀಕ್ಷೆಯನ್ನೂ ಮಾಡಿದ್ದರು: ವೈರು ಕಿತ್ತು, ಐದು ಸೆಕೆಂಡು ಎಣಿಸಿ, ಗಂಟೆ ಹೊಡೆಯಲಿಲ್ಲವೆಂದು ಖುಷಿಪಟ್ಟು, ವೈರು ಸಿಕ್ಕಿಸಿ ಮನೆಗೆ ಬಂದಿದ್ದರು. ಹನ್ನೊಂದರವರೆಗೆ ಎಣಿಸಿರಲಿಲ್ಲ.

ಆರು ವರ್ಷ. ಎಷ್ಟು ಕೂಸು. ಎಷ್ಟು ಸಲ. ಯಾವುದಕ್ಕೂ ಲೆಕ್ಕವಿಲ್ಲ, ಏಕೆಂದರೆ ಬರೆಯಬೇಡ ಎಂದು ಹೇಳಿದವರೇ ಅವರು. ಮ್ಯಾನೇಜರ್ ಮಾತು ಕಿವಿಯಲ್ಲಿತ್ತು. ಸುಮ್ಮನೆ ಸರಿಪಡಿಸಿ ಎದ್ದು ಹೋದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಂಡಿತನಂತೂ ಹೇಳಿಕೊಂಡು ತಿರುಗುವವನಲ್ಲ.

ಎದ್ದು ವಾರ್ಡಿಗೆ ಹೋದರು. "ಸಿಸ್ಟರ್, ತಪ್ಪು ನಂದು. ಆರು ವರ್ಷದಿಂದ ಇದೆ."

ದೊಡ್ಡ ಸಿಸ್ಟರ್ ಹಾಲಿನ ಬಟ್ಟಲನ್ನು ಕೆಳಗಿಟ್ಟರು. ಎಲ್ಲ ಕೇಳಿಸಿಕೊಂಡರು. ಬೈಯುತ್ತಾರೆಂದು ಅತ್ತಿಗೆ ಕಾದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ಆ ಗಂಟೆ ನಿಲ್ಲಿಸು ಅಂತ ನಿನ್ನ ತಲೆ ತಿಂದೋಳು ನಾನೇ," ಎಂದರು ಕೊನೆಗೆ. "ಆರು ವರ್ಷದಿಂದ ಇದೇ ಕುರ್ಚೀಲಿ ಕೂತು ಅದನ್ನೇ ನಂಬಿದೋಳೂ ನಾನೇ. ಅಳ್ಬೇಡ. ನಿನ್ನ ಜೊತೆ ಕೂತು ಅಳೋಕೆ ನನಗೆ ಟೈಮಿಲ್ಲ. ಒಂದೂವರೆ ಆಯ್ತು. ಸರಿ ಮಾಡ್ತೀಯೋ, ಆಫ್ ಮಾಡ್ತೀಯೋ?"

"ಮೊದಲು ಆಫ್ ಮಾಡ್ತೀನಿ."

ಪರದೆ ಕಪ್ಪಾಯಿತು. ಗಾಜಿನಾಚೆಯಿಂದ ಆರನೇ ಪೆಟ್ಟಿಗೆಯ ತಾಯಿ, ಕೂಸನ್ನು ಎದೆಗೆ ಕಟ್ಟಿಕೊಂಡವಳು, ಗಾಬರಿಯಿಂದ ಎದ್ದು ಬಂದಳು. "ಯಾಕೆ ಆರಿಸಿದ್ರಿ? ಅದನ್ನ ನೋಡ್ಕೊಂಡೇ ನಾನು ಎರಡು ತುತ್ತು ತಿನ್ನೋದು."

"ಸರಿ ಮಾಡ್ತಿದೀವಮ್ಮಾ. ಮಗು ನಿಮ್ಮ ಹತ್ರಾನೇ ಇರಲಿ" ಎಂದಷ್ಟೇ ಹೇಳಿದರು ಅತ್ತಿಗೆ.

ಪಂಡಿತ ನಲವತ್ತು ಸಾಲಿನ ಪರಿಹಾರ ಕೊಟ್ಟು, ಕೊನೆಯಲ್ಲಿ ಈಗ ಸಂಪೂರ್ಣ ಸುರಕ್ಷಿತ ಎಂದೂ ಬರೆದಿದ್ದ. "ಅದನ್ನ ಹೇಳೋಕೆ ನೀನ್ಯಾರಪ್ಪಾ!" ಎಂದು ಅತ್ತಿಗೆ ಬಟ್ಟೆ ಕೋಣೆಯಲ್ಲಿ ಒಬ್ಬರೇ ಗದರಿದರು. ನಲವತ್ತನ್ನೂ ಓದಿ ಬೇಕಾದ ಮೂರೇ ಸಾಲು ಇಟ್ಟುಕೊಂಡರು. ಚೀಟಿ ಕಟ್ಟುವುದನ್ನು ಮಾತ್ರ ಪೂರ್ತಿ ಉಳಿಸಿಕೊಂಡು, ಅಂಕಿಯ ಪಕ್ಕದಲ್ಲೇ ಅದೆಷ್ಟು ಸೆಕೆಂಡು ಹಳೆಯದೆಂದು ಪರದೆಯಲ್ಲಿ ಕಾಣುವಂತೆ ಮಾಡಿದರು.

ಎರಡಕ್ಕೆ ಹತ್ತು ನಿಮಿಷವಿತ್ತು. ಪರದೆ ಹೊತ್ತಿತು. ಒಂದೊಂದು ಪೆಟ್ಟಿಗೆಗೂ ಒಬ್ಬ ನರ್ಸ್, ಕೂಸಿದ್ದರೆ ಅದರ ಮೇಲೆ ಕೈಯಿಟ್ಟು ನಿಂತು, ಸೆನ್ಸರಿನ ವೈರು ಬಿಡಿಸುವುದು, ಎಲ್ಲರೂ ಎಣಿಸುವುದು. ಏಳು. ಎಂಟು. ಒಂಬತ್ತು. ಹತ್ತು. ಹನ್ನೊಂದು. ಗೆರೆ ಬಂತು, ಗಂಟೆ ಹೊಡೆಯಿತು. ಹನ್ನೆರಡು ಸಲ ಹಾಗೇ ಎಣಿಸಿದರು. ಹನ್ನೆರಡು ಸಲವೂ ಹೊಡೆಯಿತು. ದೊಡ್ಡ ಸಿಸ್ಟರ್ ಕಿವಿ ಮುಚ್ಚಿಕೊಂಡು, "ಎಂಥ ದರಿದ್ರ ಸದ್ದು, ಹೊಡ್ಕೊಳ್ಳಲಿ ಬಿಡು" ಎಂದರು.

ಭಯ ಅಲ್ಲಿಗೆ ಮುಗಿಯಲಿಲ್ಲ. ಇದೇ ಪ್ರೋಗ್ರಾಂ ಇನ್ನೂ ಎಂಟು ಆಸ್ಪತ್ರೆಗಳಲ್ಲಿ ಓಡುತ್ತಿತ್ತು.

"ನಾಳೆ ಮೀಟಿಂಗ್‌ನಲ್ಲಿ ಮಾತಾಡೋಣ," ಎಂದರು ಮ್ಯಾನೇಜರ್.

"ನಾಳೆ ಆಗಲ್ಲ ಸರ್."

"ಕೆಲಸದ ಮೇಲೆ ಆಸೆ ಇಲ್ವಾ ನಿಮಗೆ?"

"ಇದೆ ಸರ್. ಇಡ್ತೀನಿ, ಫೋನ್ ಮಾಡೋದಿದೆ."

ಸಂಜೆಯವರೆಗೆ ಅದೇ ಸ್ಟೂಲು. ಪ್ರತಿ ಆಸ್ಪತ್ರೆಗೂ ಅದೇ ಮಾತು: ನಾನು ತಪ್ಪು ಮಾಡಿದ್ದೇನೆ, ಪರದೆ ನಂಬಬೇಡಿ, ಮುಟ್ಟಿ ನೋಡಿ. ಒಬ್ಬರು ಬೈದರು. ಒಬ್ಬರಿಗೆ ಮೂರು ಸಲ ಹೇಳಬೇಕಾಯಿತು. ನಾಲ್ಕನೆಯ ಕಡೆ ಒಂದು ಅಂಕಿ ಅಂಟಿಕೊಂಡು ಕೂತದ್ದು ಸಿಕ್ಕಿತು, ಕೂಸು ಬೆಚ್ಚಗಿತ್ತು. ಎಂಟನೆಯ ಕಡೆ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಅತ್ತಿಗೆ ಮಾಡುತ್ತಲೇ ಹೋದರು. ಆರೂವರೆಗೆ ಯಾರೋ ನರ್ಸ್ ಎತ್ತಿದಳು.

"ಈಗಲೇ ಹೋಗಿ ಎಲ್ಲ ಮಕ್ಕಳನ್ನೂ ಮುಟ್ಟಿ ನೋಡಿ ಬನ್ನಿ. ನಾನು ಲೈನಲ್ಲೇ ಇರ್ತೀನಿ."

"ಸ್ಕ್ರೀನಲ್ಲಿ ಎಂಟು ಮಕ್ಕಳದ್ದೂ ಸರಿ ಇದೆಯಲ್ರೀ."

"ಅದಕ್ಕೇ ಹೇಳ್ತಿರೋದು, ಹೋಗಿ."

ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು. ದೂರವಾಗುವ ಚಪ್ಪಲಿ ಸದ್ದು. ಆಮೇಲೆ ಏನೂ ಇಲ್ಲ. ಅತ್ತಿಗೆ ಫೋನಿಗೆ ಕಿವಿಯೊತ್ತಿಕೊಂಡು ಕಾದರು. ಐದು ನಿಮಿಷವೋ ಆರೋ. ಚಪ್ಪಲಿ ಸದ್ದು ತಿರುಗಿ ಬಂತು.

"ಬೆಚ್ಚಗಿದಾರೆ. ಏಳೂ ಜನ."

"ಈಗಷ್ಟೇ ಎಂಟು ಮಕ್ಕಳು ಅಂದ್ರಲ್ಲ?"

"ಒಂದು ತಾಯಿ ಹತ್ರ ಹಾಲು ಕುಡೀತಿದೆ, ಆಚೆ ಕೋಣೇಲಿ."

"ಅದನ್ನೂ ಮುಟ್ಟಿ ಬನ್ನಿ."

"ಅಯ್ಯೋ, ಅದು ತಾಯಿ ಮಡಿಲಲ್ಲಿದೆ ರೀ!"

"ಮುಟ್ಟಿ ಬನ್ನಿ ತಾಯಿ, ಕೈ ಮುಗೀತೀನಿ."

ಮತ್ತೆ ಚಪ್ಪಲಿ ಸದ್ದು ಹೋಯಿತು, ಮತ್ತೆ ಬಂತು. "ಬೆಚ್ಚಗಿದೆ. ಹಾಲು ಬಿಡಿಸಿದ್ದಕ್ಕೆ ನನ್ನ ಮೇಲೆ ಕಿರುಚ್ತಾ ಇದೆ, ಕೇಳಿಸ್ತಾ?"

ಕೇಳಿಸುತ್ತಿತ್ತು. ಅತ್ತಿಗೆ ಒಂದಷ್ಟು ಹೊತ್ತು ಅದನ್ನೇ ಕೇಳಿ, ಆಮೇಲೆ ಫೋನ್ ಇಟ್ಟರು.